ಕಾರಿನ ಬಾಗಿಲಿಗೆ ರಬ್ಬರು ಕೂರಿಸಿದ ಗಂಗರತ್ನಮ್ಮ

ಕೆಲಮಂಗಲದಿಂದ ಹೊಸೂರಿಗೆ ಬೆಳಿಗ್ಗೆ ಆರೂವರೆಗೆ ಹೊರಡುವ ಬಸ್ಸಿನಲ್ಲಿ ಗಂಗರತ್ನಮ್ಮ ಎಂಟು ವರ್ಷ ಓಡಾಡಿದಳು. ಹೊಲದಲ್ಲಿ ರಾಗಿ, ಟೊಮೇಟೊ ಬೆಳೆಯುತ್ತಿದ್ದ ಗಂಡ ಬೋರಯ್ಯ, ಹೆಂಡತಿ ಕಾರ್ಖಾನೆಗೆ ಹೋಗುತ್ತಾಳೆಂದು ಮೊದಮೊದಲು ಸ್ವಲ್ಪ ಮುಖ ಗಂಟಿಕ್ಕಿದ್ದು ಬಿಟ್ಟರೆ ಅಡ್ಡ ಬಂದವನಲ್ಲ. 1976ರಲ್ಲಿ ಅವಳು ಸೇರಿದಾಗ ಆ ರಬ್ಬರ್ ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಎರಡು ಯಂತ್ರ, ಹತ್ತು ಹೆಂಗಸರು. ಅಕ್ಕಪಕ್ಕದಲ್ಲಿ ದೊಡ್ಡ ದೊಡ್ಡ ಕಂಪನಿಗಳ ಗೋಡೆಗಳು ಇನ್ನೂ ಏಳುತ್ತಿದ್ದವು.

ಬಸ್ಸಿನ ಕಿಟಕಿ, ಟ್ರ್ಯಾಕ್ಟರಿನ ಗಾಜು, ಲಾರಿಯ ಬಾಗಿಲುಗಳಿಗೆ ಹಾಕುವ ರಬ್ಬರ್ ಪಟ್ಟಿ ಅಲ್ಲಿ ತಯಾರಾಗುತ್ತಿತ್ತು. ಚಕ್ಕುಲಿ ಒರಳಿನಿಂದ ಹಿಟ್ಟು ಇಳಿಯುವ ಹಾಗೆ ಯಂತ್ರದ ಬಾಯಿಂದ ಕಪ್ಪು ಪಟ್ಟಿ ಇಳಿಯುತ್ತಿತ್ತು. ಅದನ್ನು ಬೇಯಿಸಿ, ಆರಿಸಿ, ಉದ್ದನೆಯ ಮೇಜಿನ ಮೇಲೆ ಹಾಕಿದರೆ, ಹೆಂಗಸರು ಬ್ಲೇಡು ಹಿಡಿದು ಅಂಚು ಸವರಬೇಕು, ಕೆಟ್ಟದ್ದನ್ನು ಬೇರೆ ಮಾಡಬೇಕು. ಗಂಗರತ್ನಮ್ಮನ ಹೆಬ್ಬೆರಳು ಈ ಕೆಲಸಕ್ಕೇ ಹುಟ್ಟಿದಂತಿತ್ತು. ಒಂದು ಸಲ ಒತ್ತಿದರೆ ಸಾಕು, ಪಟ್ಟಿ ಹದವಾಗಿ ಬೆಂದಿದೆಯೋ ಹಸಿಯೋ ಹೇಳಿಬಿಡುತ್ತಿದ್ದಳು. ಫೋರ್‌ಮನ್ ಚಿನ್ನಸ್ವಾಮಿ ಅಳತೆಯ ಯಂತ್ರ ತರಿಸಿಕೊಂಡ ಮೇಲೂ ಅನುಮಾನ ಬಂದಾಗ ಪಟ್ಟಿಯನ್ನು ಅವಳ ಮುಂದೆ ತಂದು ಹಿಡಿಯುತ್ತಿದ್ದ.

1984ರ ಸೆಪ್ಟೆಂಬರಿನಲ್ಲಿ ಅದೇ ಹೆಬ್ಬೆರಳಿಗೆ ಬ್ಲೇಡು ತಗುಲಿ ಆಳವಾಗಿ ಕುಯ್ದುಕೊಂಡಿತು. ಹೊಲಿಗೆ ಹಾಕಿಸಲು ಅವಳು ಕೆಲಮಂಗಲದ ಸಂತೆ ಬೀದಿಯ ಡಾಕ್ಟರ್ ಕಮಲಮ್ಮನ ಕ್ಲಿನಿಕ್ಕಿನ ಮುಂದೆ ಕಾದು ನಿಂತಳು. ಕಮಲಮ್ಮ ಮೈಸೂರು ಕಡೆಯವರು. ಗಂಡ ಹನುಮಯ್ಯ ಹೊಸೂರಿನ ಒಂದು ಕಂಪನಿಯಲ್ಲಿ ಇಂಜಿನಿಯರು. ಡಾಕ್ಟರಮ್ಮ ವಾರಕ್ಕೆ ಮೂರು ದಿನ ಕೆಲಮಂಗಲದಲ್ಲಿ, ಎರಡು ದಿನ ಡೆಂಕಣಿಕೋಟೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು.

ಮಳೆ ಜಡಿಯುತ್ತಿತ್ತು. ಆ ಮಳೆಯಲ್ಲಿ ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ, ಎರಡೇ ಸೀಟಿನ, ಉದ್ದ ಮೂತಿಯ ಕೆಂಪು ಕಾರೊಂದು ಬಂದು ನಿಂತಿತು. ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಥಳಿ ಕಡೆ ತೋಟ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ ಊರು ಬಿಡುವಾಗ ಹನುಮಯ್ಯನಿಗೆ ಮಾರಿ ಹೋಗಿದ್ದ. ಬಾಗಿಲು ತೆರೆದು ಇಳಿದ ಡಾಕ್ಟರಮ್ಮನ ಸೀರೆ ಸೊಂಟದಿಂದ ಕೆಳಗೆ ಪೂರ್ತಿ ಒದ್ದೆ. ಕೈಲಿದ್ದ ಚೀಲದಿಂದ ತೆಗೆದ ಬ್ಯಾಂಡೇಜಿನ ಸುರುಳಿಯನ್ನು ಹಿಂಡಿದರೆ ನೀರು ಇಳಿಯಿತು.

"ಕಾರೊಳಗೆ ಕೂತು ಬಂದು ಹಿಂಗೆ ನೆಂದ್ಬುಟ್ರಾ ಅಮ್ಮ?" ಎಂದಳು ಗಂಗರತ್ನಮ್ಮ.

"ಕೊಡೆ ಹಿಡಿದು ನಡೆದುಬಂದಿದ್ದರೆ ಇಷ್ಟು ನೆನೀತಿರಲಿಲ್ಲ" ಎಂದು ಕಮಲಮ್ಮ ಬೇಸರದಿಂದಲೇ ನಕ್ಕರು. "ನಮ್ಮವರಿಗೆ ಭಾನುವಾರ ಬಾನೆಟ್ ಉಜ್ಜೋದೊಂದೇ ಗೊತ್ತು. ಸೋರೋ ವಿಷಯ ಎತ್ತಿದರೆ, ರಬ್ಬರು ಇಂಗ್ಲೆಂಡಿನಿಂದ ಬರಬೇಕು ಅಂತಾರೆ. ಬೆಂಗಳೂರಿನ ಮೆಕ್ಯಾನಿಕ್ಕುಗಳೂ ಅದನ್ನೇ ಹೇಳಿದ್ದಾರೆ."

ಹೊಲಿಗೆ ಹಾಕಿಸಿಕೊಂಡು ಹೊರಬಂದ ಗಂಗರತ್ನಮ್ಮ ಮಳೆ ನಿಂತ ಮೇಲೆ ಕಾರಿನ ಬಾಗಿಲು ತೆರೆಸಿ ನೋಡಿದಳು. ಚೌಕಟ್ಟಿನ ಸುತ್ತ ಅಂಟಿದ್ದ ರಬ್ಬರನ್ನು ಎಡಗೈಯಿಂದ ಒತ್ತಿದಳು. ಅದು ಬಗ್ಗಲಿಲ್ಲ. ಉಗುರಿನಿಂದ ಕೆರೆದರೆ ಕರಿ ಪುಡಿಯಾಗಿ ಉದುರಿತು.

"ಇದು ಸತ್ತೋಗಿ ವರ್ಸಗಳೇ ಆಗ್ಯವೆ ಅಮ್ಮ. ಒಳಗೆ ಟೊಳ್ಳು ಇರೋ ಪಟ್ಟಿ ಬೇಕು ಇದಕ್ಕೆ. ಬಾಗ್ಲು ಮುಚ್ಚಿದ್ರೆ ಅದು ಚಪ್ಪಟೆಯಾಗಿ ಸಂದಿ ತುಂಬ್ಬೇಕು. ಇಂತಾ ಪಟ್ಟೀನ ನಾವು ಲಾರಿಗೆ ದಿನಾ ಮಾಡ್ತೀವಿ. ಇಂಗ್ಲೆಂಡಿಂದ ಯಾಕೆ?"

"ಹಾಗಾದರೆ ನೀನೇ ಹಾಕಿಕೊಡ್ತೀಯಾ?"

ಮಾತಿಗೆ ಕೇಳಿದ್ದು ಅದು. ಗಂಗರತ್ನಮ್ಮ ಮಾತಿಗೆ ಒಪ್ಪಿಕೊಳ್ಳಲಿಲ್ಲ, ನಿಜವಾಗಿಯೇ ಒಪ್ಪಿಕೊಂಡಳು. ಎಂಟು ವರ್ಷ ಸಾವಿರಾರು ಗಜ ಪಟ್ಟಿ ಸವರಿದವಳು, ಅದರಲ್ಲಿ ಒಂದಾದರೂ ಒಂದು ಬಾಗಿಲಿಗೆ ಕೂತು ಮಳೆ ತಡೆದದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳ ತಲೆಯಲ್ಲಿ ಅದೇ ಓಡುತ್ತಿತ್ತು.

ಮುಂದಿನ ಭಾನುವಾರ ಹೊಸೂರಿನಲ್ಲಿ ಡಾಕ್ಟರಮ್ಮನ ಮನೆಗೆ ಹೋಗಿ, ಎರಡೂ ಬಾಗಿಲಿನ ಹಳೇ ರಬ್ಬರು ಕಿತ್ತಳು. ಕಲ್ಲಿನಂತಾಗಿದ್ದ ಅಂಟನ್ನು ಸೀಮೆಎಣ್ಣೆ ಹಚ್ಚಿ ಕೆರೆದಳು. ಕೆಳಮೂಲೆಯಲ್ಲಿ ತಗಡು ತುಕ್ಕು ಹಿಡಿದಿತ್ತು. ಹನುಮಯ್ಯ ಮೂಗು ಮುರಿಯುತ್ತಲೇ ನೋಡುತ್ತಿದ್ದವನು, ತುಕ್ಕು ಕಂಡಾಗ ಮಾತ್ರ ಗಾಬರಿಯಾಗಿ ತಾನೇ ಉಜ್ಜುಕಾಗದ ತಂದು ಉಜ್ಜಿ, ಕೆಂಪು ಪ್ರೈಮರ್ ಬಳಿದ. ಇನ್ನು ಪಟ್ಟಿ ಬೇಕಿತ್ತು.

ಕಾರ್ಖಾನೆಯಲ್ಲಿ ಅಳತೆ ತಪ್ಪಿದ ಪಟ್ಟಿಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಅದರಲ್ಲಿ ಇಪ್ಪತ್ತು ಅಡಿ ಕೊಡಿ ಎಂದು ಅವಳು ಚಿನ್ನಸ್ವಾಮಿಯನ್ನು ಕೇಳಿದಳು. ಅವನು ಮ್ಯಾನೇಜರನ್ನು ಕೇಳಿ ಬಂದು, "ಮುಡಿಯಾದಮ್ಮಾ, ಆಗಲ್ಲ. ಸ್ಕ್ರಾಪು ಪೂರಾ ಕಾಂಟ್ರಾಕ್ಟರಿಗೇ ಹೋಗ್ಬೇಕು. ಒಂದು ತುಂಡೂ ಆಚೆ ಹೋಗ್ಬಾರ್ದು ಅಂದ್ರು" ಎಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ.

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಮೂರನೆಯ ದಿನ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಗಂಗರತ್ನಮ್ಮ ಒಂದು ಬಾಗಿಲಿಗಾದರೂ ಆಗಲೆಂದು ರಾಶಿಯಿಂದ ಹನ್ನೆರಡು ಅಡಿ ಪಟ್ಟಿ ಎಳೆದು, ಸೀರೆಯ ಒಳಗೆ ಸೊಂಟಕ್ಕೆ ಸುತ್ತಿಕೊಂಡಳು. ಹೇಗೂ ಬಿಸಾಡೋದು ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಸಂಜೆ ಗೇಟಿನಲ್ಲಿ ಸಾಲು ನಿಂತಾಗ ಬೆವರಿಗೆ ಪಟ್ಟಿ ಜಾರತೊಡಗಿತು. ಅವಳು ಉಸಿರು ಬಿಗಿಹಿಡಿದಳು. ಕಾವಲುಗಾರನ ಮುಂದೆ ಬರುವ ಹೊತ್ತಿಗೆ ಒಂದು ತುದಿ ಸೀರೆಯ ಅಂಚಿನಿಂದ ಹೊರಗೆ ಇಣುಕಿತು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಗೇಣು ಇಳಿದು ನೆಲಕ್ಕೆ ತಾಗಿತು.

ಹಿಂದಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಕಾವಲುಗಾರ ನಗಲಿಲ್ಲ. ಅವಳನ್ನು ಆಫೀಸಿಗೆ ಕರೆದೊಯ್ದರು.

"ನಿನಗೆ ಗೊತ್ತಿಲ್ಲದೆ ಯಾರೋ ಕಟ್ಟಿದ್ರಾ?" ಎಂದು ಚಿನ್ನಸ್ವಾಮಿ ಕೇಳಿದ. ಅದು ಅವಳಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಂತೆಯೇ ಇತ್ತು. ಇದಕ್ಕಿಂತ ಒಳ್ಳೆಯ ಪ್ರಶ್ನೆ ಅವನಿಗೆ ಹೊಳೆದಿರಲಿಕ್ಕಿಲ್ಲ.

"ನಾನೇ ತಕ್ಕೊಂಡೆ" ಎಂದಳು ಗಂಗರತ್ನಮ್ಮ.

ಒಂದು ವಾರದ ವಿಚಾರಣೆಯ ನಂತರ ಅವಳನ್ನು ಕೆಲಸದಿಂದ ತೆಗೆದುಹಾಕಿದರು. ವಿಷಯ ತಿಳಿದ ಕಮಲಮ್ಮ ಕೆಲಮಂಗಲದ ಕ್ಲಿನಿಕ್ಕಿನಿಂದ ಆಳು ಕಳಿಸಿ ಅವಳನ್ನು ಕರೆಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ತಾವು ಕಾರ್ಖಾನೆಯ ಯಜಮಾನರಿಗೆ ಹೇಳಿ ಮತ್ತೆ ಸೇರಿಸುವುದಾಗಿ ಒತ್ತಾಯ ಮಾಡಿದರು.

"ಬ್ಯಾಡ ಅಮ್ಮ. ನೀವು ಹೇಳಿಲ್ಲ ಕದಿ ಅಂತ. ನಿಮ್ಮ ಮಾತಿಗೆ ಮತ್ತೆ ಸೇರಿಸ್ಕೊಂಡ್ರೆ, ಮೇಜಿನ ಸುತ್ತ ಕೂತಿರೋ ಹೆಂಗಸ್ರ ಮುಖ ನಾನೆಂಗೆ ನೋಡ್ಲಿ?" ಎಂದು ಎದ್ದು ಬಂದಳು.

ಬೋರಯ್ಯ ಎರಡು ದಿನ ಬೆಳಗಿನಿಂದ ಕತ್ತಲಾಗುವವರೆಗೆ ಹೊಲದಲ್ಲೇ ಇದ್ದ. ಊರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಸ್ಸಿಳಿದಿತ್ತು. ಬೆಳಿಗ್ಗೆ ಆರೂವರೆಯ ಬಸ್ಸಿನ ಹಾರನ್ ಕೇಳಿದಾಗ ಅವಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಯೋಚಿಸಿದರೆ ತನ್ನ ಮೇಲೆಯೇ. ಮೂರನೇ ದಿನ ಗಂಡ ಟೊಮೇಟೊ ಗಿಡಕ್ಕೆ ಕೋಲು ಕಟ್ಟುತ್ತ, ಅವಳ ಕಡೆ ತಿರುಗದೆ ಕೇಳಿದ:

"ಆ ಡಾಕ್ಟ್ರಮ್ಮನ ಕಾರು ಏನಾಯ್ತು?"

"ಹಂಗೇ ನಿಂತದೆ. ರಬ್ಬರು ಕಿತ್ತಾಕಿದ್ದೀನಿ."

"ಮಳೆಗಾಲ್ದಾಗೆ ಇರೋದ್ನೂ ಕಿತ್ತಾಕಿ ಬಂದು ಕೂತಿದ್ದೀಯ? ಹೋಗಿ ಮುಗ್ಸಮ್ಮಿ ಅದ್ನ. ಕೆಲ್ಸ ಕಳ್ದಿದ್ದು ಸಾಲ್ದಾ, ಮಾತೂ ಕಳೀಬೇಕಾ?"

ಮರುದಿನ ಅವಳು ಹಳೇ ರಬ್ಬರಿನ ಒಂದು ತುಂಡನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯಿಂದ ಅಂಗಡಿಗೆ ತಿರುಗಿದಳು. ಎಲ್ಲರೂ ಮೊದಲು ಕಾರಿನ ಹೆಸರು ಕೇಳುವರು, ಹೆಸರು ಕೇಳಿದ್ದೇ ಇಲ್ಲವೆಂದು ತಲೆಯಾಡಿಸುವರು. ಎಂಟನೆಯದೋ ಒಂಬತ್ತನೆಯದೋ ಅಂಗಡಿಯಲ್ಲಿ ಅವಳು ಕಾರಿನ ಹೆಸರು ಹೇಳಲೇ ಇಲ್ಲ. "ಇರೋ ಟೊಳ್ಳು ಪಟ್ಟಿಯೆಲ್ಲ ತೋರ್ಸಿ" ಎಂದಳಷ್ಟೆ. ಅಂಗಡಿಯವನು ಬೇಸರದಿಂದ ಆರೇಳು ಸುರುಳಿ ತಂದು ಹಾಕಿದ. ಹೊಲಿಗೆ ಬಿಚ್ಚಿದ್ದ ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿ, ಎಳೆದು, ಮೂಸಿ, ವ್ಯಾನಿನ ಹಿಂಬಾಗಿಲಿಗೆಂದು ಬಂದಿದ್ದ ಒಂದನ್ನು ಆರಿಸಿದಳು. ಅದರ ಬುಡ, ಅಂದರೆ ಚೌಕಟ್ಟಿಗೆ ಅಂಟುವ ಚಪ್ಪಟೆ ಭಾಗ, ಸ್ವಲ್ಪ ಅಗಲ. ಅದನ್ನು ಸವರಲು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೊಸೂರಿನ ಮನೆಯ ಅಂಗಳದಲ್ಲಿ ಬುಡ ಸವರುವುದಕ್ಕೇ ಒಂದು ದಿನ ಹಿಡಿಯಿತು. ಎರಡನೆಯ ದಿನ ಅಂಟು ಬಳಿದು ಪಟ್ಟಿ ಕೂರಿಸಿದಳು. ಮೂಲೆಗಳಲ್ಲಿ ಮಡಿಸಿದರೆ ಟೊಳ್ಳು ಮುಚ್ಚಿಹೋಗುತ್ತಿತ್ತು. ಅಲ್ಲಿ ಬುಡವನ್ನು ಮಾತ್ರ ಸಣ್ಣದಾಗಿ ಕಚ್ಚು ಮಾಡಿ ಬಗ್ಗಿಸಿದಳು. "ಇನ್ನೂ ಬಿಗಿಯಾಗಿ ಎಳೆದು ಅಂಟಿಸಮ್ಮ, ಚೆನ್ನಾಗಿ ಕಾಣುತ್ತೆ" ಎಂದ ಹನುಮಯ್ಯ.

"ಎಳೆದ್ರೆ ಇವತ್ತು ಚಂದ ಸ್ವಾಮಿ. ನಾಳೆ ಅದು ತನ್ನ ಉದ್ದಕ್ಕೆ ತಾನು ವಾಪಸ್ಸು ಹೋಗ್ತದೆ. ಮೂಲೇಲಿ ಸಂದಿ ಬೀಳ್ತದೆ" ಎಂದು ಅವಳು ಪಟ್ಟಿಯನ್ನು ಎಳೆಯುವ ಬದಲು ತುಸು ಒಳಕ್ಕೆ ತಳ್ಳುತ್ತಲೇ ಅಂಟಿಸಿದಳು.

ಅಂಟು ಒಣಗಿದ ಮೇಲೆ ಬಾಗಿಲು ಹಾಕಿದರೆ, ಹಾಕಿಸಿಕೊಳ್ಳಲೇ ಇಲ್ಲ. ಒಳಗೆ ಯಾರೋ ಕೂತು ತಳ್ಳಿದ ಹಾಗೆ ವಾಪಸ್ಸು ಬಂತು. ಹನುಮಯ್ಯ ಜೋರಾಗಿ ಬಡಿಯಲು ಹೋದ. ಅವಳು ಕೈ ಅಡ್ಡ ಹಿಡಿದಳು. ಬಾಗಿಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಟ್ಟಿಯನ್ನು ಒತ್ತಿ ಒತ್ತಿ ನೋಡಿದಳು. ದಪ್ಪ ಹೆಚ್ಚಾಗಿಲ್ಲ, ರಬ್ಬರು ಗಟ್ಟಿಯೂ ಅಲ್ಲ. ಬಹಳ ಹೊತ್ತಿನ ಮೇಲೆ ಹೊಳೆಯಿತು: ಎರಡು ತುದಿ ಸೇರಿಸಿ ಅಂಟಿಸಿದ್ದರಿಂದ ಪಟ್ಟಿಯ ಟೊಳ್ಳಿನೊಳಗಿನ ಗಾಳಿಗೆ ಹೋಗಲು ದಾರಿಯಿಲ್ಲ. ಡಾಕ್ಟರಮ್ಮನಿಂದ ಒಂದು ದಪ್ಪ ಸೂಜಿ ಇಸಿದುಕೊಂಡು, ಪಟ್ಟಿಯ ಒಳಮೈಗೆ ಗೇಣಿಗೊಂದರಂತೆ ಚುಚ್ಚಿದಳು. ಈ ಸಲ ಬಾಗಿಲು ಮೆತ್ತಗೆ 'ಟಪ್' ಎಂದು ಕೂತುಕೊಂಡಿತು. ಹನುಮಯ್ಯ ಅದನ್ನು ಆರು ಸಲ ತೆಗೆದು ಹಾಕಿದ.

ಬಳಿಕ ಪಟ್ಟಿಯ ಮೇಲೆ ಸೀಮೆಸುಣ್ಣ ಸವರಿ ಬಾಗಿಲು ಮುಚ್ಚಿ ತೆರೆದು, ಬಾಗಿಲಿಗೆ ಎಲ್ಲಿ ಸುಣ್ಣದ ಗುರುತು ಬಿದ್ದಿಲ್ಲವೋ ಅಲ್ಲಿ ಪಟ್ಟಿಯ ಕೆಳಗೆ ತೆಳ್ಳನೆಯ ರಬ್ಬರಿನ ತುಂಡು ಇಟ್ಟು ಎತ್ತರಿಸಿದಳು. ಕೊನೆಗೆ ಕಾರಿನೊಳಗೆ ಕಮಲಮ್ಮನನ್ನು ಕೂರಿಸಿ ಹೊರಗಿನಿಂದ ಬಿಂದಿಗೆಗಟ್ಟಲೆ ನೀರು ಸುರಿದರು. ಮೇಲಿನಿಂದ ಒಂದು ಹನಿ ಇಲ್ಲ. ಆದರೆ ಕಾಲ ಬಳಿ ನೀರು ಬಂತು.

ಗಂಗರತ್ನಮ್ಮನ ಮುಖ ಸಪ್ಪಗಾಯಿತು. ಮತ್ತೆ ಮಂಡಿಯೂರಿ ಬಾಗಿಲಿನ ತಳವನ್ನು ಬೆರಳಲ್ಲಿ ತಡಕಿದಳು. ಗಾಜಿನ ಸಂದಿಯಿಂದ ಬಾಗಿಲ ಒಳಗೆ ಇಳಿದ ನೀರು ಹೊರಹೋಗಲೆಂದು ತಳದಲ್ಲಿ ತೂತುಗಳಿದ್ದವು. ಅವುಗಳಲ್ಲಿ ಎಷ್ಟು ವರ್ಷದ್ದೋ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಪೊರಕೆ ಕಡ್ಡಿ ಹಾಕಿ ತಿವಿದಾಗ ಕೆಸರು ನೀರು ಬಳಬಳನೆ ಸುರಿಯಿತು.

"ಇದನ್ನು ಉಜ್ಜೋಕೆ ನೀವು ಯಾವತ್ತೂ ಬಗ್ಗಲಿಲ್ಲ ನೋಡಿ" ಎಂದರು ಕಮಲಮ್ಮ ಗಂಡನಿಗೆ. ಅವನು ಪೊರಕೆ ಕಡ್ಡಿ ತೆಗೆದುಕೊಂಡು ಇನ್ನೊಂದು ಬಾಗಿಲಿನ ತೂತು ತಿವಿಯತೊಡಗಿದ.

ಆ ವರ್ಷದ ಹಿಂಗಾರು ಮಳೆಯಲ್ಲಿ ಡಾಕ್ಟರಮ್ಮ ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದವರೆಗೆ ಅದೇ ಕಾರಿನಲ್ಲಿ ಹೋಗಿ, ಮಕ್ಕಳಿಗೆ ಲಸಿಕೆ ಹಾಕಿ ಬಂದರು. ಹತ್ತಿಯ ಕಟ್ಟು ಸಹ ನೆನೆದಿರಲಿಲ್ಲ. ಹನುಮಯ್ಯ ತನ್ನ ಕಂಪನಿಯಲ್ಲಿ ಹೇಳಿದ್ದು, ಕಮಲಮ್ಮ ರೋಗಿಗಳಿಗೆ ಹೇಳಿದ್ದು ಸೇರಿ, ಸಂಕ್ರಾಂತಿಯ ಹೊತ್ತಿಗೆ ಒಂದು ವ್ಯಾನು, ಎರಡು ಹಳೇ ಕಾರು, ಒಂದು ಮದುವೆ ಬಸ್ಸು ಗಂಗರತ್ನಮ್ಮನನ್ನು ಹುಡುಕಿಕೊಂಡು ಬಂದವು. 1986ರಲ್ಲಿ ಅವಳು ಬಾಗಲೂರು ರಸ್ತೆಯಲ್ಲಿ ಒಂದು ಗ್ಯಾರೇಜಿನ ಪಕ್ಕದ ಜಾಗ ಹಿಡಿದಳು. ಕಾರ್ಖಾನೆಯ ಸ್ಕ್ರಾಪು ಕೊಳ್ಳುತ್ತಿದ್ದ ಅದೇ ಕಾಂಟ್ರಾಕ್ಟರನಿಂದ ಅಳತೆ ತಪ್ಪಿದ ಪಟ್ಟಿಯನ್ನು ತೂಕಕ್ಕೆ ಕೊಂಡಳು. ಪ್ರತಿ ಸಲವೂ ರಸೀತಿ ಬರೆಸಿಕೊಂಡಳು. ಅವನು ಬೇಡವೆಂದರೂ ಬಿಡುತ್ತಿರಲಿಲ್ಲ. ಮೆಕ್ಯಾನಿಕ್ಕುಗಳು ಮೊದಲು "ಹೆಂಗಸು ಏನು ಮಾಡ್ತಾಳೆ" ಎಂದವರು, ಆಮೇಲೆ ಗಾಜು ಕೂರಿಸುವುದಕ್ಕೆ ಮೊದಲು ಅವಳನ್ನು ಕರೆಯತೊಡಗಿದರು. ಕಾರ್ಖಾನೆಯ ಹಳೇ ಗೆಳತಿಯರು ದಾರಿಯಲ್ಲಿ ಸಿಕ್ಕರೆ ಕೆಲವರು ಮಾತಾಡಿಸುವರು, ಕೆಲವರು ಇಲ್ಲ. ಅದನ್ನು ಅವಳು ಹಾಗೇ ಬಿಟ್ಟಳು.

1988ರ ಬೇಸಿಗೆಯಲ್ಲಿ ಒಂದು ದಿನ ಚಿನ್ನಸ್ವಾಮಿ ತನ್ನ ಬಾಮೈದನ ಟೆಂಪೊ ತಂದು ನಿಲ್ಲಿಸಿದ. ತಲೆ ಪೂರ್ತಿ ನರೆತಿತ್ತು. ಮುಂದಿನ ಗಾಜಿನ ಅಂಚಿಗೆಂದು ತಂದಿದ್ದ, ತಮ್ಮ ಕಾರ್ಖಾನೆಯ ಹೊಸ ಪಟ್ಟಿಯ ತುಂಡೊಂದನ್ನು ಅವನು ಅವಳ ಕಡೆ ಚಾಚಿದ.

"ಪಾರಮ್ಮಾ, ನೋಡು, ಇದು ಆಗ್ತದಾ?"

ಅವಳು ಒತ್ತಿ ನೋಡಿದಳು.

"ಇನ್ನೊಂದು ಹತ್ತು ನಿಮಿಷ ಬೇಯ್ಬೇಕಿತ್ತು ಇದು. ಯಾರ ಕೈಲಿ ಮಾಡಿಸ್ತಾ ಇದ್ದೀರಿ ಈಗ?"

"ಹೊಸ ಹುಡುಗ್ರು" ಎಂದ ಚಿನ್ನಸ್ವಾಮಿ. "ಹೇಳಿದ್ರೆ ಕೇಳಲ್ಲ."

ಅವಳು ತನ್ನ ರಾಶಿಯಿಂದ ಒಂದು ಒಳ್ಳೆಯ ಪಟ್ಟಿ ಆರಿಸಿ, ಅವನಿಗೆ ಒಂದು ತುದಿ ಹಿಡಿಯಲು ಕೊಟ್ಟು, ಟೆಂಪೊದ ಗಾಜಿನ ಸುತ್ತಳತೆ ಹಿಡಿಯತೊಡಗಿದಳು.