ಸಿಪಾಯಿಯ ಹಣೆಗೆ ಹಚ್ಚಿದ ಬಣ್ಣ

ಕೌತಾಳಂ ಕಡೆಯ ಆ ಊರಿನಲ್ಲಿ ಕುರಿ ಸಾಕುವವರು ಬೇಕಾದಷ್ಟು ಜನ. ಆದರೆ ಪಶು ಡಾಕ್ಟರ ಜೀಪು ಬಂತೆಂದರೆ ಹಿಂಡು ಹೊಡೆದುಕೊಂಡು ಬಂದು ಮೊದಲು ನಿಲ್ಲುವವಳು ಬಸವಕ್ಕನೇ. ಗಂಡ ಸತ್ತ ಮೇಲೆ ಹದಿನೆಂಟು ಕುರಿಯನ್ನು ಎಂಬತ್ತು ಮಾಡಿದ ಗಟ್ಟಿಗಿತ್ತಿ. ಒಂದು ಕುರಿ ಕೆಮ್ಮಿದರೂ ಅದರ ತುಟಿ ಬಿಡಿಸಿ, ಕಿವಿ ಮಡಚಿ ನೋಡದೆ ತಾನು ಉಣ್ಣುತ್ತಿರಲಿಲ್ಲ. ಔಷಧಿ ಕುಡಿದ ಕುರಿಯ ಹಣೆಗೆ ಕೆಂಪು ಬಣ್ಣ ಹಚ್ಚುವುದು ಅಲ್ಲಿಯ ಪದ್ಧತಿ. ಇಲ್ಲದಿದ್ದರೆ ಯಾವುದು ಕುಡಿಯಿತು, ಯಾವುದು ತಪ್ಪಿಸಿಕೊಂಡಿತು ಎಂದು ತಿಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಬೆರಳಿಗೆ ಉಳಿದ ಬಣ್ಣವನ್ನು ಆಕೆ ಕಾವಲು ನಾಯಿ ಸಿಪಾಯಿಯ ಹಣೆಗೂ ಒರೆಸುತ್ತಿದ್ದಳು. ಅದಕ್ಕೆ ಔಷಧಿಯಿಲ್ಲ, ಬರೀ ಬಣ್ಣ. ಅದೂ ನಮ್ಮ ಹಿಂಡಿನದೇ ಅಲ್ಲವೇ ಎಂಬ ಮುದ್ದು. ಮುದ್ದಿಗೆ ರೋಗ ಹೆದರುತ್ತದೆಯೇ?

ಹೋದ ವರ್ಷ ನಾಯಿ ಬೆಕ್ಕುಗಳಿಗೆ ಹುಚ್ಚು ಹಿಡಿಯದಂತೆ ಸೂಜಿ ಹಾಕುವವರು ಊರಿಗೆ ಬಂದಿದ್ದರು. ಸಿಪಾಯಿಯ ಹಣೆ ನೋಡಿ, "ಇದಕ್ಕ ಆಗೇತೇನವ್ವಾ?" ಎಂದು ಕೇಳಿದರು. ಸುತ್ತಲೂ ಜನ. ಬಸವಕ್ಕನ ಮನೆಯ ಪ್ರಾಣಿಗೆ ಸೂಜಿ ಆಗಿಲ್ಲವಂತೆ ಎಂದು ನಾಲ್ಕು ಮಂದಿ ಆಡಿಕೊಂಡರೆ ಹೇಗೆ? "ಹೂಂ, ಆಗೇತ್ರಿ" ಅಂದುಬಿಟ್ಟಳು. ನಾಯಿ ತಾನೇ, ಏನಾದರೂ ನೆಕ್ಕಿಕೊಂಡು ವಾಸಿ ಮಾಡಿಕೊಳ್ಳುತ್ತದೆ ಎಂಬ ಉಡಾಫೆ ಬೇರೆ.

ಈ ವರ್ಷ ಶ್ರಾವಣದಲ್ಲಿ ಪಕ್ಕದೂರಿನ ನಾಯಿಯೊಂದು ಹುಚ್ಚು ಹಿಡಿದು ಸತ್ತ ಸುದ್ದಿ ಬಂತು. ಅದಾದ ವಾರಕ್ಕೆ, ಬೆಳಗಿನ ಹೊತ್ತು, ಏಳು ತಿಂಗಳ ಬಸುರಿ ಸೊಸೆ ನಾಗಜ್ಯೋತಿ ರೊಟ್ಟಿ ಹಾಕಿ ಸಿಪಾಯಿಯ ತಲೆ ಸವರಿದಳು. ಅದು ಗಕ್ಕನೆ ತಿರುಗಿ ಅವಳ ಮುಂಗೈ ಕಚ್ಚಿತು. ಎರಡು ಹಲ್ಲು ಇಳಿದು ರಕ್ತ ಸುರಿಯಿತು.

ಬಸವಕ್ಕ ನಾಯಿಯನ್ನು ಸರಪಳಿಗೆ ಕಟ್ಟಿದಳು, ಸೊಸೆಯ ಕೈಗೆ ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿದಳು, ಉರುಕುಂದಪ್ಪನ ಆಟೋ ಕರೆಸಿದಳು. ಆದರೆ ನಾಗಜ್ಯೋತಿ ಕಟ್ಟೆಯಿಂದ ಏಳಲಿಲ್ಲ.

"ದವಾಖಾನಿ ಯಾಕ್ರಿ ಅತ್ತಿ? ಸಿಪಾಯಿಗೆ ಸೂಜಿ ಆಗೇತಲ್ಲ. ಹೊಟ್ಟ್ಯಾಗ ಕೂಸು ಇಟ್ಕೊಂಡು ನಾ ಸೂಜಿ ತಗೊಳ್ಳಂಗಿಲ್ಲ."

ಪಕ್ಕದ ಮನೆಯ ಸುಂಕಲಮ್ಮನೂ ತೆಲುಗು ಬೆರೆಸಿ ದನಿಗೂಡಿಸಿದಳು: "ಬಸವಕ್ಕನ ನಾಯಿ ಐತಿ, ಏಂ ಕಾದು, ಏನೂ ಆಗಂಗಿಲ್ಲ. ಅರಿಶಿಣ ಹಚ್ಚವ್ವ, ಸಾಕು."

ಸುಮ್ಮನಿದ್ದರೆ ಬಸವಕ್ಕನ ಹೆಸರು ಉಳಿಯುತ್ತದೆ. ನಾಯಿಗೆ ಹುಚ್ಚು ಇರದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಇದ್ದರೆ, ಎರಡು ಜೀವ. ಹೊರಗೆ ಆಟೋದ ಹಾರ್ನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಆಗಿಲ್ಲ" ಅಂದಳು.

"ಏನ್ರಿ?"

"ಸಿಪಾಯಿಗೆ ಸೂಜಿ ಆಗಿಲ್ಲವ್ವ. ಮಂದಿ ಮುಂದ ನಾ ಸುಳ್ಳು ಹೇಳೀನಿ. ಹಣಿ ಮ್ಯಾಲಿಂದು ಬರೇ ಬಣ್ಣ. ಏಳು, ನಿನ್ನ ಕಾಲು ಹಿಡಿತೀನಿ, ಗಾಡಿ ಹತ್ತು."

ಸುಂಕಲಮ್ಮ ಬಾಯಿಗೆ ಸೆರಗು ಹಿಡಿದಳು. ನಾಗಜ್ಯೋತಿ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಆಟೋ ಹತ್ತಿದಳು.

ಈ ಸೂಜಿಯಿಂದ ಕೂಸಿಗೆ ಏನೂ ತೊಂದರೆಯಿಲ್ಲ ಎಂದು ದವಾಖಾನೆಯ ಡಾಕ್ಟರು ಧೈರ್ಯ ಹೇಳಿ, ಅಂದೇ ಶುರು ಮಾಡಿದರು. ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ ಹತ್ತು ದಿನ ನೋಡಿ, ಹುಚ್ಚಿದ್ದರೆ ಅಷ್ಟರೊಳಗೆ ಗೊತ್ತಾಗುತ್ತದೆ ಎಂದರು.

ಹತ್ತು ದಿನ! ಹೊಡೆದು ಹಾಕಿಬಿಡು ಎಂದವರು ಹತ್ತು ಜನ. ಬಸವಕ್ಕ ಯಾರಿಗೂ ಸೊಪ್ಪು ಹಾಕಲಿಲ್ಲ. ಬೆಳಗಾದರೆ ಕೋಲಿನಿಂದ ನೀರಿನ ಬೋಗುಣಿ ತಳ್ಳಿ, ಅದು ಕುಡಿಯುವತನಕ ಅಲ್ಲೇ ಕೂರುತ್ತಿದ್ದಳು. ಐದನೆಯ ದಿನ ಸಿಪಾಯಿ ರೊಟ್ಟಿಯನ್ನು ಮೂಸಿ ಮುಖ ತಿರುಗಿಸಿತು. ಆ ದಿನ ಬಸವಕ್ಕನೂ ಉಣ್ಣಲಿಲ್ಲ, ದೇವರಿಗೆ ದೀಪ ಹಚ್ಚಲೂ ಕೈ ಬರಲಿಲ್ಲ. ಮರುದಿನ ಅದು ಅರ್ಧ ರೊಟ್ಟಿ ತಿಂದಿತು. ನಾಗಜ್ಯೋತಿ ಒಳಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋದಳು.

ಹನ್ನೊಂದನೆಯ ದಿನ ಆದೋನಿಯಿಂದ ಪಶು ಡಾಕ್ಟರ್ ಸುಷಮಾ ಬಂದರು. ಹುಚ್ಚಿನ ಒಂದು ಗುರುತೂ ಇಲ್ಲ ಎಂದರು. ಬಸವಕ್ಕ ಕೈ ಮುಗಿದಳು. ಆದರೆ ಡಾಕ್ಟರು ನಾಯಿಯ ಬಾಯಿಗೆ ಬಟ್ಟೆ ಕಟ್ಟಿಸಿ ಕಿವಿ ಮಡಚಿದಾಗ ಗಬ್ಬು ನಾತ ಮೂಗಿಗೆ ಅಡರಿತು. ಒಳಗೆಲ್ಲ ಉಣ್ಣಿ ಹುಳು, ಕೀವು.

"ಯಾವಾಗಿಂದ ತಲಿ ಕೊಡವಾಕ ಹತ್ತಿತ್ತಮ್ಮ ಇದು?"

"ಉಗಾದಿಯಿಂದ್ರಿ. ನೊಣ ಅಂತ ಅನ್ಕೊಂಡೆ."

"ನೋವಿಗೆ ಕಚ್ಚೇತಿ, ಪಾಪ. ಆರು ತಿಂಗಳಿಗೊಮ್ಮೆ ನಮಗ ತೋರಿಸಿದ್ರ ಈ ಹುಡುಗಿ ಕೈ ಹಿಂಗ ಆಗ್ತಿರ್ಲಿಲ್ಲ."

ಬಸವಕ್ಕನಿಗೆ ಅಳು ತಡೆಯಲಾಗಲಿಲ್ಲ. ಎಂಬತ್ತು ಕುರಿಯ ಕಿವಿ ಮಡಚಿ ನೋಡುತ್ತಿದ್ದ ಕೈ ಅದು. ಅವನ್ನೆಲ್ಲ ಕಾಯುವ ಈ ಒಂದರ ಕಿವಿ ಮಾತ್ರ ನೋಡಿರಲಿಲ್ಲ.

ಡಾಕ್ಟರು ಕಿವಿ ತೊಳೆದು, ಸೂಜಿ ಹಾಕಿ, ಮುಂದಿನ ತಾರೀಖು ಬರೆದ ಚೀಟಿಯನ್ನು ಬಸವಕ್ಕನಿಗೆ ಕೊಟ್ಟರು. ಆಕೆ ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳಲು ಹೋದಳು. ಆಗ ನಾಗಜ್ಯೋತಿ ಪಟ್ಟಿ ಕಟ್ಟಿದ ಕೈ ಮುಂದೆ ಚಾಚಿದಳು. ಹನ್ನೊಂದು ದಿನದಲ್ಲಿ ಅತ್ತೆಯೊಡನೆ ಅವಳು ಆಡಿದ ಮೊದಲ ಮಾತು ಅದು.

"ಚೀಟಿ ನನ್ನ ಹಂತ್ಯಾಕ ಇರ್ಲಿ ಕೊಡ್ರಿ. ಇನ್ನ ಮ್ಯಾಲೆ ನಾನೇ ಓದಿ ನೋಡ್ತೀನಿ."

ಬಸವಕ್ಕ ಚೀಟಿಯನ್ನು ಅವಳ ಕೈಗಿಟ್ಟಳು.