ಖಾಲಿಯಾಗಿದ್ದ ನಲವತ್ತು ಡಬ್ಬಿಗಳು

ಹೋದ ವಾರ ಅಟ್ಟದ ಸಾಮಾನು ಇಳಿಸುವಾಗ ಒಂದು ನೀಲಿ ತಗಡಿನ ಡಬ್ಬಿ ಸಿಕ್ಕಿತು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಮುಚ್ಚಳದ ಅಂಚಿಗೆಲ್ಲ ತುಕ್ಕು. ಅವ್ವ ಅದರಲ್ಲಿ ಮೊದಲು ಅರಿಶಿನ ಇಡುತ್ತಿದ್ದಳು, ಆಮೇಲೆ ಗುಂಡಿ, ಸೂಜಿ, ಹರಿದ ಜಪಮಣಿ... ಚಮಚದ ಹಿಡಿಯಿಂದ ಮುಚ್ಚಳ ಎಬ್ಬಿಸಿದೆ. ಇಷ್ಟು ವರ್ಷದ ಮೇಲೆ ಬರಬಾರದು, ಆದರೂ ನನ್ನ ಮೂಗಿಗೆ ಕಾಫಿಪುಡಿಯ ವಾಸನೆ ಬಂತು. ಸೊಸೆ ಮೂಸಿ ನೋಡಿ ತನಗೆ ತುಕ್ಕಿನ ವಾಸನೆ ಬಿಟ್ಟು ಬೇರೇನೂ ಬರುತ್ತಿಲ್ಲ ಎಂದಳು. ಇರಬಹುದು. ಅವಳೇನೂ ನಲವತ್ತು ಮನೆಯ ಸುಳ್ಳನ್ನು ಕೈಯಾರೆ ಬರೆದವಳಲ್ಲ.

ಆ ಡಬ್ಬಿಯನ್ನು ನಮ್ಮ ಮನೆಗೆ ತಂದವರು ಕಾಫಿ ಅಕ್ಕೋರು. ಅವರಿಗೆ ಬೇರೆ ಹೆಸರಿತ್ತು, ಆದರೆ ಶಹಾಬಾದಿನ ನಮ್ಮ ಓಣಿಯಲ್ಲಿ ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಅಪ್ಪ ಕಲ್ಲಿನ ಖಣಿಯಲ್ಲಿ ಆಳುಗಳ ಮೇಲೆ ಮುಕಾದಮನಾಗಿದ್ದ. ಮನೆಯ ಮುಂದಿನ ಕೋಣೆ ಬಾಡಿಗೆಗಿದೆ ಎಂದು ಯಾರಿಂದಲೋ ತಿಳಿದು, ಒಂದು ಟ್ರಂಕು ಮತ್ತು ಎರಡು ಕಟ್ಟಿಗೆ ಪೆಟ್ಟಿಗೆಗಳೊಂದಿಗೆ ಅವರು ಬಂದಿಳಿದರು. ಪೆಟ್ಟಿಗೆಯ ತುಂಬ ನೀಲಿ ಡಬ್ಬಿಗಳು. ಬಿಸಿ ಹಾಲಿಗೆ ಒಂದು ಚಮಚ ಹಾಕಿ ಕಲಸಿದರೆ ಆಯಿತು, ಕಾಫಿ ತಯಾರು.

ನಮ್ಮ ಕಡೆ ಆಗ ಚಹಾ ಬಿಟ್ಟರೆ ಚಹಾ. ಕಾಫಿ ಎಂಬುದು ಮೈಸೂರು ಕಡೆಯವರು ಕುಡಿಯುವ ವಸ್ತು ಎಂದು ಕೇಳಿದ್ದೆವು, ಅಷ್ಟೇ. ಒಂದೇ ರಾಜ್ಯದವರಾದ ಮೇಲೆ ಇವರೂ ಯಾಕೆ ಕುಡಿಯಬಾರದು ಎಂದು ಆ ಕಾಫಿಪುಡಿ ಮಾಡುವ ಕಂಪನಿಯ ಯಜಮಾನರಿಗೆ ಅನ್ನಿಸಿತಂತೆ. ಅಂಗಡಿಗೆ ಮಾಲು ಕಳಿಸುವ ಮೊದಲು ಮನೆಮನೆಗೆ ಹೋಗಿ ಕುಡಿಸಿ, ಜನ ಏನನ್ನುತ್ತಾರೆ ಎಂದು ಬರೆದುಕೊಂಡು ಬರಲು ಅಕ್ಕೋರನ್ನು ಕಳಿಸಿದ್ದರು. ಅಕ್ಕೋರ ಮಾತು ನಮ್ಮ ಹೆಂಗಸರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ, ನಮ್ಮವರ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಮೆಟ್ರಿಕ್ ಪಾಸಾಗಿ, ವರ ಬಂದಾಗಲೆಲ್ಲ ಸೀರೆ ಉಟ್ಟು ಕೂರುವ ಕೆಲಸ ಮಾಡಿಕೊಂಡಿದ್ದೆ. ಅವರು ಅಪ್ಪನನ್ನು ಕೇಳಿ ನನ್ನನ್ನು ಜೊತೆಗೆ ಹಾಕಿಕೊಂಡರು.

ಅಷ್ಟು ಚುರುಕಾದ ಹೆಂಗಸನ್ನು ನಾನು ಮತ್ತೆ ಕಾಣಲಿಲ್ಲ. ಯಾರದಾದರೂ ಅಡಿಗೆಮನೆಗೆ ಕಾಲಿಟ್ಟರೆ ಒಂದು ಗಳಿಗೆಯಲ್ಲಿ ಎಲ್ಲವನ್ನೂ ಅಳೆದುಬಿಡುತ್ತಿದ್ದರು. ಸಕ್ಕರೆ ಕೈಗೆ ಸಿಗುವಲ್ಲಿದೆಯೋ ಬೀಗದಲ್ಲಿದೆಯೋ, ಹಾಲು ಮನೆಯ ಎಮ್ಮೆಯದೋ ಕೊಂಡದ್ದೋ, ಕಪ್ಪು ಎಷ್ಟು, ಬಸಿ ಎಷ್ಟು. ಜನ ಏನು ತಿನ್ನುತ್ತಾರೆ, ಯಾಕೆ ತಿನ್ನುತ್ತಾರೆ ಎಂದು ತಿಳಿಯುವುದೂ ಒಂದು ಓದು, ಅದರಲ್ಲಿ ಹೆಣ್ಣುಮಕ್ಕಳಿಗೆ ಮುಂದೆ ಒಳ್ಳೆಯ ನೌಕರಿಗಳು ಬರುತ್ತವೆ ಎಂದು ನನಗೆ ಹೇಳುತ್ತಿದ್ದರು. ನೌಕರಿ ಎಂಬ ಮಾತು ನನ್ನ ಕಿವಿಗೆ ಎಷ್ಟು ಹಿತವಾಗಿತ್ತು! ನನಗೆ ಕಲಿಸಿದ ಮೊದಲ ಪಾಠವೂ ನೆನಪಿದೆ.

“ಅವರು ಹೇಳಿದ್ದನ್ನ ಮಾತ್ರ ಬರಿ. ನಿನಗೆ ಅನ್ನಿಸಿದ್ದನ್ನ ಬರೀಬೇಡ.”

ಬೆಳಗಿನ ಪ್ಯಾಸೆಂಜರ್ ಹಿಡಿದು ಹೊರಡುತ್ತಿದ್ದೆವು. ವಾಡಿಯಲ್ಲಿ ಇಳಿದರೆ ಒಂದು ದಿನ ನಾಲವಾರದ ಕಡೆ, ಇನ್ನೊಂದು ದಿನ ಚಿತ್ತಾಪುರ, ಸೇಡಂ. ಸೇಡಂನಿಂದ ಆಡಕಿಗೆ ಬಸ್ಸು. ಮನೆಗೆ ಹೋಗಿ, ಅವರದೇ ಒಲೆಯ ಮೇಲೆ ಅವರದೇ ಹಾಲು ಕಾಯಿಸಿ, ಅಕ್ಕೋರು ಕೈಯಾರೆ ಕಾಫಿ ಕಲಸಿ ಕೊಡುವರು. ಹೆಂಗಸರು ಕುಡಿಯುವರು. ಆಮೇಲೆ ಪ್ರಶ್ನೆ: ಹೇಗಿದೆ? ದಿನಾ ಕುಡಿಯುತ್ತೀರಾ? ಅಂಗಡಿಗೆ ಬಂದರೆ ಕೊಳ್ಳುತ್ತೀರಾ? ನಾನು ಫಾರ್ಮಿನಲ್ಲಿ ಬರೆಯುತ್ತಿದ್ದೆ. ಬರುವಾಗ ಒಂದು ಡಬ್ಬಿ ಕೊಟ್ಟು ಬರುವುದು, ಹದಿನೈದು ದಿನ ಬಿಟ್ಟು ಹೋಗಿ ಅದು ಖಾಲಿಯಾಗಿದೆಯೋ ಇಲ್ಲವೋ ನೋಡುವುದು.

ಮೊದಲ ಮನೆ ವಾಡಿಯಲ್ಲಿ, ರೈಲ್ವೆ ಗ್ಯಾಂಗಿನಲ್ಲಿದ್ದವನ ಹೆಂಡತಿಯದು. ಒಂದು ಗುಟುಕು ಕುಡಿದವಳ ಕಣ್ಣು ಮುಚ್ಚಿಹೋಯಿತು. ಅದನ್ನು ನಾನು ಕಂಡೆ. ಅಕ್ಕೋರು ಆಗ ಚಮಚ ತೊಳೆಯುತ್ತಿದ್ದರು. ಅವಳು ಕಷ್ಟಪಟ್ಟು ನುಂಗಿ, “ಭಾಳ ಚಲೋ ಅದರಿ ಅಕ್ಕೋರೆ” ಎಂದಳು. ಸಾಲದ್ದಕ್ಕೆ ಇನ್ನರ್ಧ ಕಪ್ಪು ಕೇಳಿ ಇಸಿದುಕೊಂಡಳು! ನಾಲವಾರದ ಮುದುಕಿಯೊಬ್ಬಳು, ಇದು ಜ್ವರಕ್ಕೆ ಕೊಡುವ ಕಷಾಯವೇನು ಎಂದು ನನ್ನ ಕಿವಿಯಲ್ಲಿ ಕೇಳಿದಳು. ಅಲ್ಲ ಎಂದೆ. ಹಾಗಾದರೆ ಚಲೋ ಅದ ಅಂತ ಬರಕೋ ಎಂದಳು. ಆಡಕಿಯಲ್ಲಿ ಹಾಲು ಆಗಲೇ ಡೈರಿಯವನ ಪಾಲಾಗಿತ್ತು. ಆ ಮನೆಯಾಕೆ ಪಕ್ಕದ ಮನೆಯಿಂದ ಕಡ ತಂದು ನಮಗೆ ಒದಗಿಸಿ, ಕುಡಿದು, ಚಲೋ ಅದ ಎಂದಳು. ನಾನು ಎಲ್ಲವನ್ನೂ ಅಕ್ಕೋರ ಕನ್ನಡದಲ್ಲಿ ಬರೆದೆ: ಬಹಳ ಚೆನ್ನಾಗಿದೆ.

ಅಷ್ಟು ಹೊತ್ತಿಗೆ ನನಗೆ ವಿಷಯ ಗೊತ್ತಿರಲಿಲ್ಲ ಎಂದು ಹೇಳಲಾರೆ. ಅಕ್ಕೋರು ಬಂದ ದಿನವೇ ಅವ್ವನಿಗೆ ಒಂದು ಕಪ್ಪು ಮಾಡಿ ಕೊಟ್ಟಿದ್ದರು. ಅವ್ವ ಹೊಗಳಿದ್ದೇ ಹೊಗಳಿದ್ದು. ಅವರು ಕೋಣೆಗೆ ಹೋದ ಕೂಡಲೇ ಉಳಿದದ್ದನ್ನು ಬಚ್ಚಲಿಗೆ ಸುರಿದು, ಕಪ್ಪನ್ನು ಎರಡು ಸಲ ಬೂದಿ ಹಾಕಿ ತಿಕ್ಕಿದಳು. ಸೇರದಿದ್ದರೆ ಸೇರಲಿಲ್ಲ ಎನ್ನಬಾರದೇ ಎಂದು ನಾನು ಕೇಳಿದೆ. ಅವ್ವ ನನ್ನನ್ನೇ ಗದರಿದಳು.

“ಆಕಿ ಮನಿಗಿ ಬಂದು ಕೈಯಾರೆ ಮಾಡಿ ಕೊಟ್ಟಾಳ. ಅದಕ್ಕ ಹೆಸರಿಡಲೇನು ನಾ?”

ನಮ್ಮಲ್ಲಿ ಇದು ಅಷ್ಟು ಸಹಜ. ಕೊಟ್ಟವರು ಎದುರಿಗೆ ಕೂತಿರುವಾಗ ಉಂಡದ್ದಕ್ಕೆ ಹೆಸರಿಡುವುದು, ಅಂದರೆ ಕೊಂಕು ತೆಗೆಯುವುದು, ಅವರ ಕೈಗೇ ಹೆಸರಿಟ್ಟಂತೆ. ಹೊಟ್ಟೆಗೆ ಬೇಡವಾದರೂ ಬಾಯಲ್ಲಿ ಬೇಡ ಎನ್ನುವುದಿಲ್ಲ. ಎಲ್ಲರ ಅಡಿಗೆಮನೆಯನ್ನೂ ಒಂದು ಗಳಿಗೆಯಲ್ಲಿ ಓದುತ್ತಿದ್ದ ಅಕ್ಕೋರಿಗೆ ಇದೊಂದು ತಿಳಿಯಲಿಲ್ಲ. ತಿಳಿಸಬೇಕಾದವಳು ನಾನೇ ಇದ್ದೆ.

ಎರಡನೆಯ ಸುತ್ತು ಹೋದಾಗ ನಲವತ್ತು ಮನೆಗಳಲ್ಲಿ ನಲವತ್ತು ಡಬ್ಬಿಯೂ ಖಾಲಿ! ಅಕ್ಕೋರು ಪಡಸಾಲೆಯಲ್ಲಿ ಕೂತು ಡಬ್ಬಿ ತಿರುವಿ ನೋಡುತ್ತಿದ್ದರು, ಒಳಗೆ ಹೆಂಗಸರು ನನ್ನ ಭುಜ ಹಿಡಿದು ನಗುತ್ತಿದ್ದರು. ಚಿತ್ತಾಪುರದಲ್ಲಿ ಪುಡಿ ತಿಪ್ಪೆಗೆ ಹೋಗಿ ಡಬ್ಬಿಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಹಿಂಡಿ ಬಂದು, ನಾವು ಬರುತ್ತೇವೆಂದು ಆ ಹೊತ್ತಿಗಷ್ಟೇ ಖಾಲಿ ಮಾಡಿ ಒರೆಸಿಟ್ಟಿದ್ದರು. ಸೇಡಂನಲ್ಲಿ ಒಬ್ಬಾಕೆ ಪುಡಿಯನ್ನು ಜೋಳದ ಚೀಲಕ್ಕೆ ಬೆರೆಸಿದ್ದಳು, ಹುಳ ಹತ್ತದಿರಲಿ ಎಂದು. ಅವರಿಗೆಲ್ಲ ಆಸೆ ಇದ್ದದ್ದು ಡಬ್ಬಿಯ ಮೇಲೆ. ಎಷ್ಟು ಬಿಗಿಯಾದ ಮುಚ್ಚಳ, ಇರುವೆ ಹೋಗುವುದಿಲ್ಲ. ಅವರು ಇದನ್ನು ನನ್ನಿಂದ ಮುಚ್ಚಿಡಲಿಲ್ಲ, ನಾನು ಅವರವಳೇ ಅಲ್ಲವೇ. ನಾನೂ ಅವರ ಜೊತೆ ನಕ್ಕು ಹೊರಗೆ ಬಂದು, ‘ಡಬ್ಬಿ ಪೂರ್ತಿ ಖಾಲಿ’ ಎಂದು ಬರೆದೆ. ಅದೇನು ಸುಳ್ಳಲ್ಲವಲ್ಲ...

ಸೇಡಂನಿಂದ ಕೊನೆಯ ಸಲ ವಾಪಸು ಬರುವಾಗ ರೈಲಿನಲ್ಲಿ ಜನ ಕಡಿಮೆ ಇದ್ದರು. ಅಕ್ಕೋರು ಫಾರ್ಮಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಎಂದೂ ಹೇಳದ ಮನೆಯ ಮಾತು ಹೇಳಿದರು. ಅವರಿಗೆ ಗಂಡ ಇಲ್ಲವೆಂದಷ್ಟೇ ನಮಗೆ ಗೊತ್ತಿತ್ತು. ಏಳು ವರ್ಷದ ಮಗಳೊಬ್ಬಳು ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆಗೆ ಆ ಹುಡುಗಿ ಭಾರ. ಅಕ್ಕೋರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಈ ವರದಿಯ ಪ್ರಕಾರ ಮಾಲು ಮಾರಾಟವಾದರೆ ಹೆಡ್ಡಾಫೀಸಿನಲ್ಲಿ ಕಾಯಂ ಜಾಗ, ಒಂದು ಕೋಣೆ ಹಿಡಿದು ಮಗಳನ್ನು ಕರೆಸಿಕೊಳ್ಳಬಹುದು. ವಾಡಿಯಲ್ಲಿ ಡಿಪೋ ತೆರೆದರೆ ಅಲ್ಲಿ ನನಗೂ ಒಂದು ಕೆಲಸ ಕೊಡಿಸುವುದಾಗಿ ಹೇಳಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತ ಕೇಳಿದರು.

“ಎಲ್ಲರೂ ಚೆನ್ನಾಗಿದೆ ಅಂತಾನೇ ಅಂದ್ರಲ್ಲ. ಒಬ್ಬರಿಗಾದ್ರೂ ಸೇರದೇ ಇರಬೇಕಿತ್ತಲ್ವಾ. ಇವರು ನಿಜ ಹೇಳ್ತಿದಾರಾ?”

ಅವರಿಗೆ ಅನುಮಾನ ಬಂದಿತ್ತು. ಬರದೇ ಇರುತ್ತದೆಯೇ, ಅಷ್ಟು ತಿಳಿದವರಿಗೆ! ನಾನು ಆಗ ಬಾಯಿ ಬಿಟ್ಟಿದ್ದರೆ ಫಾರ್ಮು ಹರಿದು ಹೊಸದಾಗಿ ಕೇಳಬಹುದಾಗಿತ್ತು. ಬೇರೆ ರೀತಿಯಲ್ಲಿ, ಅವರು ಎದುರಿಗಿಲ್ಲದಾಗ, ಕೊಟ್ಟವರು ಯಾರೆಂದು ಗೊತ್ತಾಗದ ಹಾಗೆ... ಆದರೆ ಅವರ ಮುಖದಲ್ಲಿದ್ದ ಆಸೆಗೆ ಹೆಸರಿಡಲು ನನ್ನಿಂದ ಆಗಲಿಲ್ಲ. ಅದಷ್ಟೇ ಅಲ್ಲ, ನನಗೂ ಡಿಪೋದ ಕುರ್ಚಿ ಕಾಣುತ್ತಿತ್ತು. ಸೀರೆ ಉಟ್ಟು ವರನ ಮುಂದೆ ಕೂರುವುದು ತಪ್ಪುತ್ತಿತ್ತು.

“ಹೌದ್ರಿ ಅಕ್ಕೋರೆ, ಖರೇನೇ ಹೇಳ್ಯಾರ” ಎಂದೆ.

ಡಿಪೋ ತೆರೆಯಿತು. ಅಕ್ಕೋರು ವರದಿ ಒಪ್ಪಿಸಲು ಹೋದವರು ಹೆಡ್ಡಾಫೀಸಿನಲ್ಲೇ ಉಳಿದರು. ಅವರ ಟ್ರಂಕು ನಮ್ಮ ಕೋಣೆಯಲ್ಲೇ ಇತ್ತು. ನನಗೆ ಮಾತಿನಂತೆ ಕುರ್ಚಿ ಸಿಕ್ಕಿತು. ವ್ಯಾಗನ್ ತುಂಬ ನೀಲಿ ಡಬ್ಬಿ ಬಂತು. ಸೇಡಂ, ಚಿತ್ತಾಪುರ, ಚಿಂಚೋಳಿಯ ತನಕ ಅಂಗಡಿಗಳಲ್ಲಿ ಅದನ್ನು ಗೋಪುರದ ಹಾಗೆ ಜೋಡಿಸಿಟ್ಟರು. ಮೊದಲ ತಿಂಗಳು ಯಾರೂ ಕೊಳ್ಳಲಿಲ್ಲ, ಎರಡನೆಯ ತಿಂಗಳೂ ಕೊಳ್ಳಲಿಲ್ಲ. ಸೇಡಂನ ಅಂಗಡಿಯವರೊಬ್ಬರು ಡಿಪೋಗೆ ಬಂದು, ಹೆಂಗಸರು ಬರೀ ಡಬ್ಬಿ ಮಾರ್ತೀರೇನ್ರಿ ಎಂದು ಕೇಳಲಿಕತ್ತಾರ, ಏನು ಹೇಳಲಿ ಎಂದು ನನ್ನನ್ನೇ ಕೇಳಿದರು. ಮಳೆಗಾಲಕ್ಕೆ ಗೋದಾಮಿನಲ್ಲಿ ತೇವ ಏರಿ ಪುಡಿ ಹೆಂಟೆಗಟ್ಟಿತು. ಕೊಟ್ಟ ಮಾಲೆಲ್ಲ ಒಂದೊಂದೇ ಪೆಟ್ಟಿಗೆಯಾಗಿ ವಾಪಸು ಬಂತು, ಬಂದದ್ದನ್ನೆಲ್ಲ ಇಳಿಸಿಕೊಂಡವಳು ನಾನೇ. ದೀಪಾವಳಿಯ ಹೊತ್ತಿಗೆ ಡಿಪೋದ ಬಾಗಿಲಿಗೆ ಬೀಗ ಬಿತ್ತು.

ಅಕ್ಕೋರು ಟ್ರಂಕು ಒಯ್ಯಲು ಬಂದರು. ಸಣ್ಣಗಾಗಿದ್ದರು. ಯಾರ ಮೇಲೂ ಸಿಟ್ಟು ಮಾಡಲಿಲ್ಲ, ಕೆಲಸ ಹೋಯಿತು ಎಂದಷ್ಟೇ ಹೇಳಿದರು. ಮಗಳನ್ನು ಕರೆತಂದಿರೇನು ಎಂದು ಅವ್ವ ಕೇಳಿದಾಗ, ಅಣ್ಣನ ಮನೆಯಲ್ಲೇ ಇರಲಿ ಬಿಡಿ ಎಂದರು. ಅವ್ವ ಚಹಾ ಮಾಡಲು ಒಳಗೆ ಹೋದಳು. ನಾನು ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದೆ.

“ನಿನಗೆ ಗೊತ್ತಿತ್ತಾ?”

ಹಗ್ಗದ ಗಂಟು ಬಿಗಿದೆ. “ಇಲ್ರಿ” ಎಂದೆ. ಅವರು ನನ್ನ ಮುಖವನ್ನು ನೋಡಿದರು. ಅಡಿಗೆಮನೆಗಳನ್ನು ನೋಡುತ್ತಿದ್ದ ಅದೇ ನೋಟ. ನೋಡಿ, ತಲೆಯಾಡಿಸಿದರು.

ಅವ್ವ ಚಹಾ ತಂದಳು. ಆರು ತಿಂಗಳು ನಮ್ಮ ಮನೆಯಲ್ಲಿದ್ದು, ದಿನಕ್ಕೆರಡು ಸಲ ಅವ್ವನ ಚಹಾವನ್ನು ತಳ ಕಾಣುವ ತನಕ ಕುಡಿದು, ನಿಮ್ಮ ಕೈಯ ಚಹಾದ ರುಚಿ ಎಲ್ಲೂ ಇಲ್ಲ ಎನ್ನುತ್ತಿದ್ದವರು ಅವರು. ಅವ್ವ ಈ ಮಾತನ್ನು ಓಣಿಗೆಲ್ಲ ಹೇಳಿಕೊಂಡು ಹಿಗ್ಗಿದ್ದಳು. ಆ ದಿನ ಒಂದು ಗುಟುಕು ಕುಡಿದು ಕಪ್ಪನ್ನು ಬಸಿಯ ಮೇಲಿಟ್ಟರು. ಕಪ್ಪು ತುಂಬಿಯೇ ಇತ್ತು.

“ಸಕ್ಕರೆ ಜಾಸ್ತಿ” ಎಂದರು. “ಮೊದಲನೇ ದಿನದಿಂದಲೂ ಜಾಸ್ತಿಯೇ ಇತ್ತು. ಕುಡಿಯೋಕೆ ಆಗ್ತಿರಲಿಲ್ಲ.”

ಅವ್ವನನ್ನು ನೋಯಿಸಲು ಹೇಳಿದ ಮಾತಲ್ಲ ಅದು. ಅವರು ಹೇಳಿದ್ದು ನನಗೆ. ನಲವತ್ತು ಮನೆಗಳಲ್ಲಿ ಒಬ್ಬರಾದರೂ ಆಡಬೇಕಿದ್ದ ಮಾತು, ರೈಲಿನಲ್ಲಿ ನಾನು ಆಡಬೇಕಿದ್ದ ಮಾತು ಹೇಗಿರುತ್ತದೆ ಎಂದು ತೋರಿಸಿ ಹೋದರು. ಟಾಂಗಾ ಹತ್ತುವಾಗ ನನ್ನ ಕಡೆ ತಿರುಗಲಿಲ್ಲ. ಅವ್ವ ಸಾಯುವ ತನಕ ಆ ಚಹಾದ ಮಾತನ್ನು ಮರೆಯಲಿಲ್ಲ, ಮನೆಗೆ ಬಂದವರು ಹಿಂಗೂ ಅಂತಾರೇನು ಎನ್ನುತ್ತಿದ್ದಳು. ಮರುವರ್ಷ ನನ್ನ ಮದುವೆಯಾಯಿತು. ಒಂದು ಸಲ ಎಲ್ಲವನ್ನೂ ಬರೆದು ಅವರ ಅಣ್ಣನ ವಿಳಾಸಕ್ಕೆ ಕಾಗದ ಹಾಕಿದೆ. ಆ ಮನೆಯಲ್ಲಿ ಅವರಾರೂ ಇಲ್ಲವೆಂದು ಬರೆದು ಅಂಚೆಯವರು ವಾಪಸು ಕಳಿಸಿದರು. ಆ ಹುಡುಗಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಅವಳು ತಾಯಿಯ ಹತ್ತಿರ ಬೆಳೆದಳೋ, ಸೋದರಮಾವನ ಮನೆಯಲ್ಲೇ ಬೆಳೆದಳೋ... ಅಕ್ಕೋರಂತೂ ಇರಲಿಕ್ಕಿಲ್ಲ. ನಾನು ಹೇಳಬೇಕಾದದ್ದನ್ನು ಕೇಳುವವರು ಇನ್ನು ಯಾರೂ ಉಳಿದಿಲ್ಲ.

ಡಬ್ಬಿ ಸಿಕ್ಕ ದಿನ ಇದಿಷ್ಟನ್ನೂ ಸೊಸೆಗೆ ಹೇಳಿದೆ. ಅವಳಿಗೆ ಪಾಪ ಅನ್ನಿಸಿತೇನೋ, ಸಂಜೆ ಅಂಗಡಿಯಿಂದ ಕಾಫಿಯ ಸಣ್ಣ ಪೊಟ್ಟಣ ತರಿಸಿ, ಎಂದೂ ಮಾಡದವಳು ಕಾಫಿ ಮಾಡಿ ತಂದು ನನ್ನ ಮುಂದಿಟ್ಟಳು. ಹಾಲು ತಳ ಹಿಡಿದಿತ್ತು, ಪುಡಿ ಹೆಚ್ಚಾಗಿ ಗಂಟಲು ಕಹಿಯಾಯಿತು. ಅವಳು ಎದುರಿಗೇ ಕೂತಿದ್ದಳು.

“ಹ್ಯಾಂಗ ಆಗ್ಯಾದ್ರಿ ಅತ್ತಿ?”

“ಭಾಳ ಚಲೋ ಆಗ್ಯಾದವ್ವ” ಎಂದೆ, ಮತ್ತು ಪೂರ್ತಿ ಕುಡಿದೆ.