ಮೂಗು ಕೈಕೊಟ್ಟ ಮೇಲೆ ರೋಸ್ಟಕ್ಕ

ಬೆಳಗಿನ ಐದೂವರೆ. ಮಾಂಸದಂಗಡಿಯ ಷಟರ್ ಇನ್ನೂ ಅರ್ಧಕ್ಕಷ್ಟೇ ಎದ್ದಿದೆ. ಅದರಡಿ ಬಗ್ಗಿ ಮೊದಲು ಒಳಗೆ ನುಸುಳುವವರು ಐವತ್ತಾರು ವರ್ಷದ ಹೆಂಗಸು. ಸ್ವೆಟರಿನ ತೋಳು ಮೊಣಕೈವರೆಗೆ ಮಡಚಿದೆ, ಕೈಯಲ್ಲಿ ದಪ್ಪ ಬಟ್ಟೆಯ ಚೀಲ. ಹಿಂದೆಯೇ ಅವರ ಗಂಡ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಅಂಗಡಿಯವನು ಕೊಕ್ಕೆಯಿಂದ ಹಂದಿಯ ಹೆಗಲಿನ ದೊಡ್ಡ ತುಂಡೊಂದನ್ನು ಇಳಿಸಿ ತಟ್ಟೆಯಲ್ಲಿಡುತ್ತಾನೆ. ಆಕೆ ಮಾಂಸದ ಕಡೆ ನೋಡುವುದಿಲ್ಲ, ಮೊದಲು ತಟ್ಟೆಯ ತಳ ನೋಡುತ್ತಾರೆ. ನೀರು ಒಸರಿದೆಯೇ ಎಂದು.

ಗಂಡ ಸೀನುತ್ತಾರೆ. ಒಂದಲ್ಲ, ನಾಲ್ಕು ಸಲ.

“ಮೂಗು ಇರೋ ತನಕ ನೆಗಡಿ ತಪ್ಪಲ್ಲ ಅಂತಾರೆ, ಸರಿ. ಆದ್ರೆ ಇವರ ಮೂಗಿಗೆ ಇವತ್ತೇ ಮುಹೂರ್ತ ಸಿಗಬೇಕಿತ್ತಾ,” ಎನ್ನುತ್ತಾ ಆಕೆ ನನ್ನ ಕಡೆ ತಿರುಗುತ್ತಾರೆ. “ನಿಮ್ಮ ಮೂಗು ಸರಿ ಇದೆ ತಾನೇ? ಸ್ವಲ್ಪ ಮೂಸಿ ನೋಡಿ.”

ಇವರ ಬಗ್ಗೆ ಬರೆಯಲು ಬಂದ ನನಗೆ ಮೂಸುವ ಕೆಲಸ. ಬಗ್ಗಿ ಮೂಸುತ್ತೇನೆ. ತಣ್ಣನೆಯ ಹಸಿ ಮಾಂಸದ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಹಾಗೆಂದು ಹೇಳುತ್ತೇನೆ. ಆಕೆ ತಲೆಯಾಡಿಸಿ, ತೋರುಬೆರಳಿನಿಂದ ಮಾಂಸವನ್ನು ಒತ್ತಿ ಬಿಡುತ್ತಾರೆ. ಒತ್ತಿದ ಕಡೆ ಗುಳಿ ಹಾಗೇ ಉಳಿಯುತ್ತದೆ. ಮೂರೆಣಿಸುವವರೆಗೆ ಕಾದು, “ಇದು ಬೇಡ,” ಎನ್ನುತ್ತಾರೆ.

“ನಿನ್ನೆ ಸಂಜೆದು ಅಷ್ಟೇ ಅಕ್ಕ. ಏನೂ ಆಗಿಲ್ಲ,” ಅಂಗಡಿಯವನ ದನಿಯಲ್ಲಿ ಬೇಸರವಿದೆ.

“ಏನೂ ಆಗಿಲ್ಲ. ಬೇರೆಯವರಿಗೆ ಕೊಡು, ಇವತ್ತೇ ಬೇಯಿಸಿ ತಿನ್ನೋರಿಗೆ. ನಂಗೆ ಒಳಗಿಂದ ತಾ.”

ನನ್ನ ಮೂಗಿಗೆ ಸಿಗದ್ದು ಆಕೆಯ ಬೆರಳಿಗೆ ಸಿಕ್ಕಿದೆ.

ಇಡೀ ಬೀದಿಗೆ ಇವರು ರೋಸ್ಟಕ್ಕ. ಇಪ್ಪತ್ತೆರಡು ವರ್ಷದಿಂದ ತಮ್ಮ ಮನೆಯ ಅಡುಗೆಕೋಣೆಯಲ್ಲೇ ಬೇರೆಯವರ ಊಟದ ಮೇಜಿಗೆ ಹಂದಿ ಮಾಂಸದ ರೋಸ್ಟ್ ಮಾಡಿಕೊಡುತ್ತಿದ್ದಾರೆ. ಬೋರ್ಡಿಲ್ಲ, ಚೀಟಿಯಿಲ್ಲ, ಫೋನ್ ಮಾಡಿದರೆ ಸಾಕು. ಮೊದಲು ವಾರಕ್ಕೆ ಹನ್ನೊಂದು ರೋಸ್ಟ್ ಮಾಡುತ್ತಿದ್ದರು, ಈಗ ಆರೇ. ಅವರಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಸುಟ್ಟದ್ದು, ಹಳಸಿದ್ದು, ಬೆಳ್ಳುಳ್ಳಿ, ಸೋಪು ಎಲ್ಲಾ ಒಂದೇ. ಮೂರೂವರೆ ವರ್ಷದ ಹಿಂದೆ ಹತ್ತು ದಿನ ಕಾಡಿದ ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಎರಡನೇ ತುಂಡು ಬರುತ್ತದೆ. ನಸುಗೆಂಪು ಬಣ್ಣ, ಅಲ್ಲಲ್ಲಿ ನೂಲಿನೆಳೆಯಂಥ ಕೊಬ್ಬು, ಮೇಲೆ ಬೆರಳು ದಪ್ಪದ ಬಿಳಿ ಪದರ, ಅದರ ಮೇಲೆ ಒಣಗಿದ ಚರ್ಮ. ಒತ್ತಿದರೆ ಗುಳಿ ತಕ್ಷಣ ಮೇಲೇಳುತ್ತದೆ. “ಕೊಬ್ಬು ನೋಡಿ ಹೆದರಬೇಡಿ,” ಎಂದು ನನಗೆ ಹೇಳುತ್ತಾರೆ. “ಬೆನ್ನಿನ ಮಾಂಸ ನೋಡೋಕೆ ಚೆಂದ, ಸ್ವಲ್ಪ ಮೈಮರೆತರೆ ಹಗ್ಗ ಅಗಿದ ಹಾಗಾಗುತ್ತೆ. ಹೆಗಲು ಹಾಗಲ್ಲ. ಒಳಗಿನ ಕೊಬ್ಬು ಕರಗ್ತಾ ಕರಗ್ತಾ ತಾನೇ ಮಾಂಸಕ್ಕೆ ನೀರುಣಿಸುತ್ತೆ.” ನಾಲ್ಕು ಕಿಲೋ ತೂಗಿಸಿ, ಚೀಲದಲ್ಲಿ ಮಂಜುಗಡ್ಡೆಯ ಪೊಟ್ಟಣದ ನಡುವೆ ಇಡುತ್ತಾರೆ. ಆಕೆ ಮುಂದೆ ನಡೆಯುತ್ತಾರೆ. ಇವತ್ತು ಅಡುಗೆ ಯಾರಿಗೆ ಎಂಬುದನ್ನು ಅವರ ಗಂಡ ತಗ್ಗಿದ ದನಿಯಲ್ಲಿ ನನಗೆ ಹೇಳುತ್ತಾರೆ.

ಮೂರು ಬೀದಿ ಆಚೆ ಒಬ್ಬ ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ. ರೋಸ್ಟಕ್ಕನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಜ್ವರ ಬಿಟ್ಟ ಮೇಲೆ ಆಕೆ ವಾಸನೆ ಹೋದ ವಿಷಯವನ್ನು ಯಾರಿಗೂ, ಗಂಡನಿಗೂ ಹೇಳಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದರು. ಆ ದಿನಗಳಲ್ಲೇ ಒಂದು ರಾತ್ರಿ ಫ್ರಿಜ್ ಕೆಟ್ಟು ನಿಂತಿತು, ಬೆಳಗ್ಗೆ ತಾನಾಗಿಯೇ ಓಡತೊಡಗಿತು. ಒಳಗಿದ್ದ ಮಾಂಸ ಕೆಟ್ಟಿದೆಯೆಂದು ಮೂಗಿದ್ದ ಯಾರಾದರೂ ಬಾಗಿಲು ತೆಗೆದ ಕೂಡಲೇ ಹೇಳುತ್ತಿದ್ದರು. ಆಕೆ ಅದಕ್ಕೆ ಬೆಳ್ಳುಳ್ಳಿ, ವಿನೆಗರ್, ಕಾಳುಮೆಣಸು ಹಚ್ಚಿ ಬೇಯಿಸಿ ಕಳಿಸಿದರು. ಮಸಾಲೆಯ ಘಾಟಿನಲ್ಲಿ ಮೇಷ್ಟ್ರಿಗೂ ಗೊತ್ತಾಗಲಿಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಎರಡು ದಿನ ಉಳಿಯುವುದೇ ಅನುಮಾನವಾಗಿತ್ತು.

“ಯಾರೂ ನನ್ನನ್ನ ಕೇಳಲಿಲ್ಲ. ಹೊಟೇಲಲ್ಲಿ ತಿಂದಿದ್ದು ಇರಬೇಕು ಅಂದ್ಕೊಂಡಿದ್ರು,” ಎನ್ನುತ್ತಾರೆ ರೋಸ್ಟಕ್ಕ, ಮನೆಯ ಬೀಗ ತೆಗೆಯುತ್ತಾ. “ಸುಮ್ಮನಿದ್ರೆ ಸುಮ್ಮನಿರಬಹುದಿತ್ತು. ಮೂರನೇ ದಿನ ತಡ್ಕೊಳ್ಳೋಕಾಗಲಿಲ್ಲ. ಆಸ್ಪತ್ರೆಗೆ ಹೋಗಿ ಅವರ ಮಗಳ ಮುಂದೆ ನಿಂತು ಹೇಳಿದೆ. ನನ್ನ ಮೂಗು ಸತ್ತಿದೆ, ಮುಚ್ಚಿಟ್ಟಿದ್ದೆ, ತಪ್ಪು ನನ್ನದು ಅಂತ. ಆಕೆ ಬಾಗಿಲು ತೋರಿಸಿದಳು, ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.”

ಆಮೇಲೆ ಪ್ರತಿ ಗಿರಾಕಿಯ ಮನೆಗೂ ತಾವೇ ಹೋಗಿ ಹೇಳಿದರು. ಒಂದು ವರ್ಷ ಓವನ್ ಮುಟ್ಟಲಿಲ್ಲ. ಮತ್ತೆ ಶುರು ಮಾಡಿದಾಗ ಎಲ್ಲವನ್ನೂ ಹೊಸದಾಗಿ ಕಲಿತರು. ಬೆರಳಿಂದ, ಕಣ್ಣಿಂದ, ಕಿವಿಯಿಂದ. ಮೂಸುವ ಕೆಲಸ ಗಂಡನದು. ಅವರು ನಿವೃತ್ತ ಬಸ್ ಡ್ರೈವರ್, ಈಗ ತಮ್ಮನ್ನು ‘ಮೂಗಿನ ಇಲಾಖೆ’ ಎಂದು ಕರೆದುಕೊಳ್ಳುತ್ತಾರೆ. ಮಾಂಸವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಚರ್ಮ ಒಣಗಿಸುವ ಹಳೇ ಪದ್ಧತಿಯನ್ನು ಬಿಟ್ಟರು. ಈಗ ತಂದ ದಿನವೇ ಬೇಯಬೇಕು.

ಎರಡು ವಾರದ ಹಿಂದೆ ಮೇಷ್ಟ್ರೇ ಫೋನ್ ಮಾಡಿದರು. ಎಂಬತ್ತು ತುಂಬುತ್ತದೆ, ಹದಿನಾಲ್ಕು ಜನರ ಊಟ, ರೋಸ್ಟ್ ನಿನ್ನದೇ ಬೇಕು ಎಂದರು. ಆಕೆ ಎರಡು ಸಲ ಒಲ್ಲೆನೆಂದರು. “ನನ್ನ ಎದೆ ತಡ್ಕೊಳ್ಳಲ್ಲ ಮೇಷ್ಟ್ರೇ ಅಂದೆ. ತಡ್ಕೋಬೇಕಾಗಿರೋದು ನಿನ್ನ ಎದೆಯಲ್ಲಮ್ಮ, ನನ್ನ ಹೊಟ್ಟೆ ಅಂದ್ರು.” ನಗುವುದಿಲ್ಲ. “ಮಗಳಿಗೆ ಇಷ್ಟ ಇಲ್ಲವಂತೆ. ಅದನ್ನೂ ಅವರೇ ಹೇಳಿದ್ರು.”

ಅಡುಗೆಕೋಣೆ ಚಿಕ್ಕದು. ಒಂದು ಕಿಟಕಿ, ಒಂದು ವಿದ್ಯುತ್ ಓವನ್, ಅದರ ಎದುರಿಗೆ ಮೋಟು ಕಾಲಿನ ಮಣೆ. ಓವನ್ ಪಕ್ಕದ ಗೋಡೆಗೆ ಕರಿ ಬಣ್ಣ ಬಳಿದಿದೆ. ಅಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಸೀಮೆಸುಣ್ಣದಲ್ಲಿ ಸಮಯ ಬರೆಯುತ್ತಾರೆ, ಕೊನೆಯ ಹಂತದಲ್ಲಿ ಮಾಂಸದೊಳಗಿನ ಡಿಗ್ರಿಯನ್ನೂ. ಚರ್ಮದ ಮೇಲೆ ಚೂರಿಯಿಂದ ಹತ್ತಿರ ಹತ್ತಿರ ಗೀರುತ್ತಾರೆ. ಕೊಬ್ಬಿನವರೆಗೆ ಇಳಿಯಬೇಕು, ಮಾಂಸಕ್ಕೆ ತಾಗಬಾರದು. ಕುದಿಯುವ ನೀರು ಸುರಿದಾಗ ಗೀರುಗಳು ಬಾಯಿ ಬಿಡುತ್ತವೆ. ಬಟ್ಟೆಯಲ್ಲಿ ಒರೆಸಿ, ಮೇಜಿನ ಫ್ಯಾನಿನ ಮುಂದೆ ಮುಕ್ಕಾಲು ಗಂಟೆ ಒಣಗಿಸಿ, ಚರ್ಮಕ್ಕೆ ಬರೀ ಉಪ್ಪು ತಿಕ್ಕುತ್ತಾರೆ. ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಸ್ವಲ್ಪ ವಿನೆಗರ್ ಎಲ್ಲವೂ ಕೆಳಗಿನ ಮಾಂಸಕ್ಕೆ. “ಚರ್ಮಕ್ಕೆ ಒದ್ದೆ ಆಗಬಾರದು. ಒದ್ದೆಯಾದ್ರೆ ಚಪ್ಪಲಿ ತಿಂದ ಹಾಗೆ.”

ಎಂಟು ಗಂಟೆಗೆ ಟ್ರೇ ಒಳಗೆ ಹೋಗುತ್ತದೆ. ಮೊದಲ ಅರ್ಧ ಗಂಟೆ ಇನ್ನೂರ ಮೂವತ್ತು ಡಿಗ್ರಿ, ಆಮೇಲೆ ನೂರ ಅರವತ್ತು. ಆಕೆ ಮಣೆಯ ಮೇಲೆ ಕೂರುತ್ತಾರೆ, ಮತ್ತೆ ಏಳುವುದಿಲ್ಲ. ಸೀದರೆ ಮೂಗು ಕರೆಯುವುದಿಲ್ಲವಲ್ಲ. ತಲೆ ಓರೆ ಮಾಡಿ ಕಿವಿಗೊಡುತ್ತಾರೆ. ಕೊಬ್ಬು ಕರಗುವ ಸದ್ದು ಮೊದಲು ಮೆಲ್ಲಗೆ, ಆಮೇಲೆ ಚಟಪಟ.

ಹತ್ತೂ ನಲವತ್ತಕ್ಕೆ ಆ ಸದ್ದು ಕುಗ್ಗುತ್ತದೆ. ಓವನ್ನಿನ ಕೆಂಪು ದೀಪ ಆರಿದೆ. ಫ್ಯಾನೂ ನಿಂತಿದೆ.

ಕರೆಂಟ್ ಹೋಗಿದೆ. ಗಂಡ ಬೀದಿಗೆ ಹೋಗಿ ಕೇಳಿ ಬರುತ್ತಾರೆ. ಎಲ್ಲೋ ಕೇಬಲ್ ಸುಟ್ಟಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ. ರೋಸ್ಟಕ್ಕ ಮಾಂಸಕ್ಕೆ ಥರ್ಮಾಮೀಟರ್ ಚುಚ್ಚುತ್ತಾರೆ. ನಲವತ್ತೆಂಟು. ಒಳಗೆ ಇನ್ನೂ ಹಸಿ. ಗೋಡೆಯ ಮೇಲೆ 48 ಎಂದು ಬರೆಯುವಾಗ ಸೀಮೆಸುಣ್ಣ ಮುರಿಯುತ್ತದೆ.

“ಮುಚ್ಚಿದ ಬಾಗಿಲೊಳಗೆ ಕಾವು ಇರುತ್ತಲ್ಲ, ಕಾಯೋಣ,” ಎನ್ನುತ್ತಾರೆ ಗಂಡ.

“ಅರ್ಧ ಬೆಂದ ಮಾಂಸ ಬೆಚ್ಚಗೆ ಕೂತ್ರೆ ವಿಷ. ಹತ್ತು ನಿಮಿಷ ನೋಡ್ತೀನಿ, ಅಷ್ಟೇ. ಆಮೇಲೆ ಬೇಕರಿ. ಅವನು ಆಗಲ್ಲ ಅಂದ್ರೆ ಇದು ಕಸಕ್ಕೆ.”

“ಮೇಷ್ಟ್ರಿಗೆ?”

“ಬ್ರೆಡ್ಡು ಬೆಣ್ಣೆ ತಗೊಂಡು ಹೋಗಿ ಕ್ಷಮೆ ಕೇಳ್ತೀನಿ. ಒಂದು ಸಲ ಕೇಳಿದ ಬಾಯಿ, ಇನ್ನೊಂದು ಸಲ ಕೇಳಿದ್ರೆ ಸವೆಯಲ್ಲ.” ಮಾತು ಗಟ್ಟಿಯಾಗಿದೆ. ಕೈ ಮಾತ್ರ ಸ್ವೆಟರಿನ ಅಂಚನ್ನು ತಿರುಚುತ್ತಲೇ ಇದೆ.

ಹತ್ತು ನಿಮಿಷಕ್ಕೆ ಕರೆಂಟ್ ಬರುವುದಿಲ್ಲ. ದಪ್ಪ ಟವೆಲ್ ಸುತ್ತಿದ ಟ್ರೇಯನ್ನು ಗಂಡ ಹೆಂಡತಿ ಆಚೆಯೊಬ್ಬರು ಈಚೆಯೊಬ್ಬರು ಹಿಡಿದು ಬೀದಿಗಿಳಿಯುತ್ತಾರೆ. ನಾನು ಮುಂದೆ ಓಡಿ ಸೈಕಲ್ಲು, ನಾಯಿ, ಜನರನ್ನು ಸರಿಸುತ್ತೇನೆ. ಬೇಕರಿ ಇರುವುದು ಇನ್ನೂರು ಹೆಜ್ಜೆ ದೂರದಲ್ಲಿ. ಅದು ಸೌದೆ ಒಲೆ. ಬೇಕರಿಯವನು ಟ್ರೇ ನೋಡಿ ಹುಬ್ಬು ಗಂಟಿಕ್ಕುತ್ತಾನೆ.

“ಇದನ್ನ ಒಳಗಿಟ್ರೆ ಸಂಜೆ ಬನ್ನಿಗೆಲ್ಲ ಮಾಂಸದ ವಾಸನೆ ಹಿಡಿಯುತ್ತೆ ರೋಸ್ಟಕ್ಕ.”

“ನಂಗಂತೂ ಗೊತ್ತಾಗಲ್ಲಪ್ಪ,” ಎನ್ನುತ್ತಾರೆ ಆಕೆ.

ಅವನು ಗೊಳ್ಳೆಂದು ನಕ್ಕು ಒಪ್ಪುತ್ತಾನೆ. ಒಳಗಿದ್ದ ಬನ್ನು ಬೇಯಲು ಇನ್ನೂ ಆರು ನಿಮಿಷ ಬೇಕು. ಆ ಆರು ನಿಮಿಷ ರೋಸ್ಟಕ್ಕ ಗಡಿಯಾರದಿಂದ ಕಣ್ಣು ಕೀಳುವುದಿಲ್ಲ.

ಇಲ್ಲಿ ಬೇರೆಯೇ ಕಷ್ಟ. ಬೇಕರಿಯ ಒಲೆ ಧಗಧಗ ಉರಿಯುತ್ತಿದೆ, ಮೇಲೆ ಕರಿದಾಗಿ ಒಳಗೆ ಹಸಿಯಾಗಿಯೇ ಉಳಿದರೆ ಎರಡೂ ಕೆಟ್ಟಂತೆ. ಚರ್ಮಕ್ಕೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಟ್ರೇಯನ್ನು ಒಲೆಯ ಬಾಯಲ್ಲೇ ಇಟ್ಟು, ಬಾಗಿಲನ್ನು ಅಂಗೈಯಗಲ ತೆರೆದು ಬಿಡುತ್ತಾರೆ. ಹಿಟ್ಟಿನ ಮೂಟೆಯ ಮೇಲೆ ಕೂತು ಅರ್ಧ ಗಂಟೆಗೆ ನಾಲ್ಕು ಸಲ ಟ್ರೇ ತಿರುಗಿಸುತ್ತಾರೆ. ಕೈಯ ರೋಮ ಸುಡುತ್ತದೆ. ಆ ಕಮರು ವಾಸನೆ ನನಗೆ ಬರುತ್ತದೆ, ಅವರಿಗಿಲ್ಲ. ನಾನು ಹೇಳಿದ ಮೇಲೆ ಸ್ವೆಟರಿನ ತೋಳು ಇಳಿಸಿಕೊಳ್ಳುತ್ತಾರೆ.

ಹನ್ನೊಂದೂ ಮುಕ್ಕಾಲಿಗೆ ಅರವತ್ತೊಂದು ಡಿಗ್ರಿ. ಹನ್ನೆರಡೂ ಹತ್ತಕ್ಕೆ ಅರವತ್ತೊಂಬತ್ತು. ಹನ್ನೆರಡೂ ಕಾಲಿಗೆ ಹಾಳೆ ತೆಗೆದಾಗ ಚರ್ಮ ಗುಳ್ಳೆಗುಳ್ಳೆಯಾಗಿ ಉಬ್ಬತೊಡಗುತ್ತದೆ. ಹನ್ನೆರಡೂವರೆಗೆ ಮೂರು ಕಡೆ ಚುಚ್ಚುತ್ತಾರೆ. ಎಪ್ಪತ್ತೈದು, ಎಪ್ಪತ್ತಾರು, ಮೂಳೆಯ ಹತ್ತಿರವೂ ಎಪ್ಪತ್ತೈದು. ಚೂರಿಯ ಬೆನ್ನಿನಿಂದ ಚರ್ಮದ ಮೇಲೆ ಬಡಿದರೆ ಮರದ ಬಾಗಿಲು ಬಡಿದಂಥ ಸದ್ದು.

“ಒಂದು ಗಂಟೆಗೆ ಊಟ, ಹೊರಡೋಣ,” ಎಂದು ಗಂಡ ಅವಸರ ಮಾಡುತ್ತಾರೆ.

“ಬೇಯೋ ತನಕ ಕಾದೋರು ಆರೋ ತನಕ ಕಾಯೋಕಾಗಲ್ವಾ? ಈಗ ಕೊಯ್ದರೆ ರಸವೆಲ್ಲ ಹಲಗೆಗೆ ಹೋಗುತ್ತೆ. ಇಪ್ಪತ್ತು ನಿಮಿಷ.” ಮೇಷ್ಟ್ರಿಗೆ ಫೋನ್ ಮಾಡಿ ಕಾಲು ಗಂಟೆ ತಡ ಎನ್ನುತ್ತಾರೆ. ಕರೆಂಟ್ ಹೋದದ್ದನ್ನೂ ಬೇಕರಿಯ ವಿಷಯವನ್ನೂ ಒಂದೂ ಬಿಡದೆ ಹೇಳುತ್ತಾರೆ.

ಮೇಷ್ಟ್ರ ಮನೆಯ ಬಾಗಿಲು ತೆರೆಯುವುದು ಮಗಳು. ಐವತ್ತರ ಆಸುಪಾಸು, ಅಪ್ಪನ ಹಾಗೇ ಉದ್ದ ಮುಖ. ನಮಸ್ಕಾರವಿಲ್ಲ. ಆಕೆಯ ಕೈಯಲ್ಲೂ ಹೊಸದೊಂದು ಥರ್ಮಾಮೀಟರ್.

“ನಾನೂ ನೋಡ್ತೀನಿ,” ಎನ್ನುತ್ತಾಳೆ.

“ನೋಡಲೇಬೇಕು,” ಎಂದು ರೋಸ್ಟಕ್ಕ ಟ್ರೇಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಮಗಳು ಚುಚ್ಚುತ್ತಾಳೆ, ಓದುತ್ತಾಳೆ, ಇನ್ನೊಂದು ಕಡೆ ಚುಚ್ಚುತ್ತಾಳೆ. ಬಗ್ಗಿ ಮೂಸುತ್ತಾಳೆ. ನಂತರ ಒಂದು ತುಂಡು ಕೊಯ್ದು, ಅಪ್ಪನ ತಟ್ಟೆಗಲ್ಲ, ತನ್ನ ಬಾಯಿಗೆ ಹಾಕಿಕೊಳ್ಳುತ್ತಾಳೆ. ಹದಿಮೂರು ಜನ ಮೇಜಿನ ಸುತ್ತ ಕಾದು ಕೂತಿದ್ದಾರೆ. ಚರ್ಮ ಮುರಿಯುವ ಸದ್ದು ಕೋಣೆಗೆಲ್ಲ ಕೇಳುತ್ತದೆ. ಆಕೆ ನಿಧಾನವಾಗಿ ಅಗಿದು ನುಂಗಿ, ಎರಡನೇ ತುಂಡನ್ನು ಅಪ್ಪನಿಗೆ ಬಡಿಸುತ್ತಾಳೆ.

ಮೇಷ್ಟ್ರು ಕಟ್ಟಿಸಿದ ಹಲ್ಲಿನಲ್ಲಿ ಬಹಳ ಹೊತ್ತು ಅಗಿಯುತ್ತಾರೆ. “ಉಪ್ಪು ಒಂದು ಚೂರು ಮುಂದಿದೆ,” ಎನ್ನುತ್ತಾರೆ ಕೊನೆಗೆ.

“ಹೌದು ಮೇಷ್ಟ್ರೇ. ಹೆದರಿ ಎರಡು ಸಲ ತಿಕ್ಕಿಬಿಟ್ಟೆ.”

“ಇನ್ನೊಂದು ತುಂಡು ಹಾಕು,” ಎಂದು ಅವರು ಮಗಳಿಗೆ ತಟ್ಟೆ ಚಾಚುತ್ತಾರೆ.

ಮಗಳು ಬಡಿಸಿ ಬಂದು, ಖಾಲಿ ಕುರ್ಚಿಯೊಂದನ್ನು ಎಳೆದು ರೋಸ್ಟಕ್ಕನ ಹಿಂದೆ ಇಡುತ್ತಾಳೆ. “ಬೆಳಗ್ಗೆಯಿಂದ ನಿಂತೇ ಇದೀರಿ ಅನ್ಸುತ್ತೆ. ಕೂತ್ಕೊಳ್ಳಿ.” ಕ್ಷಮೆಯ ಮಾತು ಅವಳೂ ಎತ್ತುವುದಿಲ್ಲ, ಇವರೂ ಎತ್ತುವುದಿಲ್ಲ. ರೋಸ್ಟಕ್ಕ ಕುರ್ಚಿಯ ತುದಿಯಲ್ಲಿ ಕೂತು ಒಂದು ಲೋಟ ನೀರು ಕುಡಿಯುತ್ತಾರೆ.

ವಾಪಸ್ಸು ನಡೆಯುವಾಗ, ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ವಾಸನೆ ಮರಳಿ ಬರಲಿ ಎನ್ನುತ್ತಾರೆಂದು ನನ್ನ ಎಣಿಕೆ. ಡಾಕ್ಟರು ಆ ಆಸೆ ಬಿಡಿ ಎಂದಿದ್ದಾರಂತೆ, ಅವರೂ ಬಿಟ್ಟಿದ್ದಾರೆ.

“ಇಪ್ಪತ್ತೆರಡು ವರ್ಷ ಆಯ್ತು, ನಮ್ಮ ರೋಸ್ಟನ್ನ ನಾವು ಬಿಸಿಬಿಸಿ ತಿಂದಿಲ್ಲ. ಬೇರೆಯವರ ಮನೆಗೆ ಹೋಗಿಬಿಡುತ್ತೆ, ನಮಗೆ ತಳದ ಚೂರು. ಒಂದು ಭಾನುವಾರ ಯಾರಿಗೂ ಮಾಡದೆ ಒಂದೇ ಒಂದು ಕಿಲೋ ತಂದು ಮಾಡಿ, ನಾವಿಬ್ಬರೇ ಕೂತು ತಿನ್ನಬೇಕು. ಮೊದಲನೇ ತುಂಡು ನಂಗೆ. ಚರ್ಮ ಕರುಂ ಅನ್ನೋದು ನಂಗೇ ಕೇಳುತ್ತೆ.” ಪಕ್ಕದಲ್ಲಿ ಸೀನುತ್ತಾ ಬರುತ್ತಿರುವ ಗಂಡನ ಕಡೆ ನೋಡುತ್ತಾರೆ. “ಘಮ ಹೇಗಿದೆ ಅಂತ ಇವರು ಹೇಳ್ತಾರೆ. ನೆಗಡಿ ಬಿಟ್ಟ ಮೇಲೆ.”